ಹಳೇ ಬುಲೆಟ್ಟಿನ ಆಯಿಲ್ ಪಂಪ್: ಬಿಡಿಭಾಗ ಗುರುತಿಸಿ, ಹುಡುಕಿ, ಕೂರಿಸುವ ಬಗೆ

ಅಪ್ಪನ 1974ರ ಬುಲೆಟ್ ನನ್ನ ಕೈಗೆ ಬಂದ ವರ್ಷವೇ ಅದರ ಬಿಗ್ ಎಂಡ್ (ಪಿಸ್ಟನ್ನಿನ ರಾಡು ಕ್ರ್ಯಾಂಕಿಗೆ ಸೇರುವ ಕಡೆಯ ಬೇರಿಂಗು) ಹೋಯಿತು. ಹಾಳು ಮಾಡಿದ್ದು ಹಳೆಯ ಆಯಿಲ್ ಪಂಪಲ್ಲ, ನಾನು ಹೊಸದಾಗಿ ತಂದು ಹಾಕಿಸಿದ ಪಂಪು. ಅಂಗಡಿಯೊಂದರಲ್ಲಿ "ಬುಲೆಟ್ ಪಂಪ್ ಸೆಟ್ ಕೊಡಿ" ಎಂದೆ, ಪ್ಲಾಸ್ಟಿಕ್ ಕವರಿನಲ್ಲಿ ಕೊಟ್ಟರು, ತಂದು ಹಾಕಿಸಿದೆ. ಹಳೆಯ ಪಂಪಿನ ಡಿಸ್ಕು, ಪ್ಲಂಜರು ಗುಜರಿಗೆ ಹೋದವು. ಮುನ್ನೂರು ಕಿಲೋಮೀಟರು ಓಡುವಷ್ಟರಲ್ಲಿ ಇಂಜಿನ್ ಒಳಗಿಂದ ಕುಟ್ಟಾಣಿಯ ಸದ್ದು ಬಂತು. ಬಿಚ್ಚಿ ನೋಡಿದರೆ ಹೊಸ ಡಿಸ್ಕಿನ ಮುಖ ಇಂಜಿನ್ನಿನ ಟೈಮಿಂಗ್ ಕವರಿನ (ಪಂಪು ಕೂರುವ ಬಲಗಡೆಯ ಮುಚ್ಚಳ) ಮೇಲೆ ಅರ್ಧಂಬರ್ಧ ಕೂತಿತ್ತು. ಅಳತೆ ಹೋಲಿಸಿ ನೋಡೋಣವೆಂದರೆ ಹಳೆಯದು ಕೈಯಲ್ಲಿರಲಿಲ್ಲ.

ಆಮೇಲೆ ನಮ್ಮೂರಿನ ಸುತ್ತಮುತ್ತ ಸ್ನೇಹಿತರ ಎಂಟು ಹತ್ತು ಗಾಡಿಗಳ ಪಂಪನ್ನು ನಾನೇ ಬಿಚ್ಚಿ ಕೂರಿಸಿದ್ದೇನೆ. ಅದರಿಂದ ಕಂಡುಕೊಂಡದ್ದು ಇಷ್ಟು: ಈ ಪಂಪು ಒಟ್ಟಾಗಿ ಕೆಡುವುದು ಅಪರೂಪ. ಅದರ ಒಂದೋ ಎರಡೋ ಭಾಗ ಸವೆದಿರುತ್ತದೆ. ಯಾವುದು ಸವೆದಿದೆ ಎಂದು ಗುರುತಿಸಿ ಅದನ್ನಷ್ಟೇ ತರಬೇಕು, ತಂದದ್ದನ್ನು ನಿಮ್ಮ ಗಾಡಿಯ ಕವರಿಗೆ ಉಜ್ಜಿ ಹೊಂದಿಸಬೇಕು, ಹಳೆಯದನ್ನು ಎಸೆಯಬಾರದು.

ಮೊದಲು ಯಾವ ಗಾಡಿಗೆ ಈ ಮಾತು ಎಂದು ಸ್ಪಷ್ಟ ಮಾಡುತ್ತೇನೆ. 1955ರಲ್ಲಿ ಮದ್ರಾಸ್ ಮೋಟಾರ್ಸ್ ಮತ್ತು ಇಂಗ್ಲೆಂಡಿನ ರೆಡ್ಡಿಚ್‌ನ ರಾಯಲ್ ಎನ್‌ಫೀಲ್ಡ್ ಕಂಪನಿ ಸೇರಿ ಎನ್‌ಫೀಲ್ಡ್ ಇಂಡಿಯಾ ಶುರುಮಾಡಿದರು. ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ತಯಾರಾದ ಕಾಸ್ಟ್ ಐರನ್ ಬ್ಯಾರೆಲ್ಲಿನ ಬುಲೆಟ್ ಇದು: 70 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕ್, 346 ಸಿಸಿ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇರುವ ಗಾಡಿ ಎಂದರೆ ಹೆಚ್ಚಿನವರಿಗೆ ತಿಳಿಯುತ್ತದೆ. ನಂತರ ಬಂದ ಎವಿಎಲ್, ಯುಸಿಇ ಎಂಬ ಹೆಸರಿನ ಇಂಜಿನ್ನುಗಳ ಪಂಪೇ ಬೇರೆ ಜಾತಿ, ಅದು ಇದಕ್ಕೆ ಕೂರುವುದಿಲ್ಲ. ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಯವರಲ್ಲಿ ಹೆಚ್ಚಿನವರಿಗೆ ಈ ತಲೆನೋವೇ ಇಲ್ಲ. ಅವುಗಳಲ್ಲಿ ಹೆಚ್ಚಿನವು ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡುವ ಟೂ ಸ್ಟ್ರೋಕ್ ಗಾಡಿಗಳು, ಪಂಪೇ ಇಲ್ಲ.

ಪಂಪು ಮಾಡುವ ಕೆಲಸ

ಇದು ತಿಳಿಯದೆ ಬಿಡಿಭಾಗ ಹುಡುಕಲು ಹೊರಟರೆ ಅಂಗಡಿಯವರು ಹೇಳಿದ್ದೇ ವೇದವಾಗುತ್ತದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಹಳೇ ಬುಲೆಟ್ ಡ್ರೈ ಸಂಪ್ ಇಂಜಿನ್, ಅಂದರೆ ಆಯಿಲ್ ಕ್ರ್ಯಾಂಕ್ ತಿರುಗುವ ಕೋಣೆಯ (ಕ್ರ್ಯಾಂಕ್‌ಕೇಸಿನ) ತಳದಲ್ಲಿ ನಿಲ್ಲದೆ ಟ್ಯಾಂಕಿನಲ್ಲಿರುತ್ತದೆ. ಆಯಿಲ್ ಟ್ಯಾಂಕು ಬೇರೆಲ್ಲೋ ಇಲ್ಲ, ಕ್ರ್ಯಾಂಕ್‌ಕೇಸಿನಲ್ಲೇ ಎರಕಹೊಯ್ದ ಒಂದು ಕೋಣೆ. ಬಲಗಡೆಯ ಟೈಮಿಂಗ್ ಕವರಿನಲ್ಲಿ ಒಂದಲ್ಲ, ಎರಡು ಪಂಪುಗಳಿವೆ. ಒಂದು ಫೀಡ್ ಪಂಪು: ಟ್ಯಾಂಕಿನಿಂದ ಆಯಿಲ್ ಎಳೆದು, ಟೈಮಿಂಗ್ ಕವರಿನಲ್ಲೇ ಇರುವ ಉಣ್ಣೆಬಟ್ಟೆಯಂಥ ಫೆಲ್ಟ್ ಫಿಲ್ಟರ್ ದಾಟಿಸಿ, ಕ್ರ್ಯಾಂಕಿನ ತುದಿಯ ತೂತಿನ ಮೂಲಕ ಬಿಗ್ ಎಂಡಿಗೆ ಕಳಿಸುತ್ತದೆ. ಇನ್ನೊಂದು ರಿಟರ್ನ್ ಪಂಪು: ಕೆಳಗೆ ಬಿದ್ದ ಆಯಿಲನ್ನು ಹೀರಿ ಟ್ಯಾಂಕಿಗೆ ಮರಳಿಸುತ್ತದೆ. ರಿಟರ್ನಿನ ಸಾಮರ್ಥ್ಯ ಫೀಡಿಗಿಂತ ಹೆಚ್ಚು, ಇಲ್ಲವಾದರೆ ಕ್ರ್ಯಾಂಕ್‌ಕೇಸಿನಲ್ಲಿ ಆಯಿಲ್ ನಿಂತುಬಿಡುತ್ತದೆ.

ಎರಡನ್ನೂ ತಿರುಗಿಸುವುದು ಒಂದೇ ಸ್ಪಿಂಡಲ್. ಕ್ರ್ಯಾಂಕಿನ ತುದಿಯಲ್ಲಿ ವರ್ಮ್ ಎಂಬ, ಸುರುಳಿ ಹಲ್ಲಿನ ನಟ್ಟು ಇದೆ. ಅದು ಸ್ಪಿಂಡಲನ್ನು ಇಂಜಿನ್ನಿಗಿಂತ ಎಷ್ಟೋ ನಿಧಾನವಾಗಿ ತಿರುಗಿಸುತ್ತದೆ. ಸ್ಪಿಂಡಲಿನ ಎರಡೂ ತುದಿಯಲ್ಲಿ ನಡುಮಧ್ಯದಿಂದ ಸರಿದು ನಿಂತ ಪುಟ್ಟ ಗೂಟ ಇದೆ. ಆ ಗೂಟ ಪ್ಲಂಜರಿನ ತೂತಿಗೆ ಹೊಕ್ಕು ಅದನ್ನು ಹಿಂದೆ ಮುಂದೆ ಆಡಿಸುತ್ತದೆ. ಪ್ಲಂಜರು ಆಡುವುದು ದುಂಡನೆಯ ಡಿಸ್ಕಿನೊಳಗಿನ ಬೋರಿನಲ್ಲಿ. ಪ್ಲಂಜರು ಆಡುವಾಗ ಡಿಸ್ಕೂ ಅತ್ತಿತ್ತ ತೂಗುತ್ತದೆ. ಹಾಗೆ ತೂಗಿದಾಗ ಡಿಸ್ಕಿನ ತೂತು ಕವರಿನ ತೂತುಗಳಲ್ಲಿ ಒಮ್ಮೆ ಹೀರುವುದಕ್ಕೂ ಒಮ್ಮೆ ತಳ್ಳುವುದಕ್ಕೂ ಎದುರಾಗುತ್ತದೆ. ಪ್ರತ್ಯೇಕ ವಾಲ್ವು ಇಲ್ಲ, ಡಿಸ್ಕೇ ವಾಲ್ವು. ಅದನ್ನು ಕವರಿನ ಮುಖಕ್ಕೆ ಒತ್ತಿ ಹಿಡಿಯುವುದು ಒಂದು ಸ್ಪ್ರಿಂಗ್, ಅದರ ಮೇಲೆ ಪುಟ್ಟ ಮುಚ್ಚಳ, ನಡುವೆ ಕಾಗದದ ಪ್ಯಾಕಿಂಗ್.

ಅಂದಮೇಲೆ ಎಲ್ಲ ನಿಂತಿರುವುದು ಡಿಸ್ಕಿನ ಮುಖ ಮತ್ತು ಕವರಿನ ಮುಖ ಎಷ್ಟು ಚೆನ್ನಾಗಿ ಕೂಡಿವೆ ಎಂಬುದರ ಮೇಲೆ. ಅಲ್ಲಿ ಒಂದು ಗೀರಿದ್ದರೆ, ಗಾಡಿ ನಿಂತಾಗ ಟ್ಯಾಂಕಿನ ಆಯಿಲ್ ಮೆಲ್ಲಗೆ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಇದಕ್ಕೇ ವೆಟ್ ಸಂಪಿಂಗ್ ಎನ್ನುವುದು. ಓಡುವಾಗ ಅದೇ ಗೀರು ಒತ್ತಡ ತಿನ್ನುತ್ತದೆ.

ಬಿಚ್ಚುವ ಮೊದಲು

ಗಾಡಿ ಓಡಿಸಿ ಬಿಸಿ ಮಾಡಿ, ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಬರೆದಿಟ್ಟುಕೊಳ್ಳಿ. ಒಂದು ವಾರ ಮುಟ್ಟದೆ ನಿಲ್ಲಿಸಿ ಮತ್ತೆ ನೋಡಿ. ವಾರಕ್ಕೆ ಸ್ವಲ್ಪ ಇಳಿದರೆ ಈ ಇಂಜಿನ್ನಿಗೆ ಅದು ಸಹಜ. ಎರಡೇ ದಿನದಲ್ಲಿ ಟ್ಯಾಂಕ್ ಬರಿದಾದರೆ ಫೀಡ್ ಡಿಸ್ಕು ಸೋರುತ್ತಿದೆ ಎಂದು ಅನುಮಾನಿಸಬಹುದು. ಇಲ್ಲಿ ಹಲವರು ಮಾಡುವ ತಪ್ಪೆಂದರೆ, ಮಟ್ಟ ಇಳಿದಿದೆ ಎಂದು ಆಯಿಲ್ ಸುರಿದುಬಿಡುವುದು. ಸ್ಟಾರ್ಟ್ ಮಾಡಿದೊಡನೆ ಕೆಳಗಿನದೂ ಮೇಲೆ ಬಂದು ಬ್ರೀದರಿನಿಂದ (ಇಂಜಿನ್ನಿನ ಗಾಳಿ ಹೊರಹೋಗುವ ಕೊಳವೆ) ಉಕ್ಕುತ್ತದೆ. ಮೊದಲು ಕೆಲವು ನಿಮಿಷ ಓಡಿಸಿ, ಆಮೇಲೆ ಮಟ್ಟ ನೋಡಿ.

ಇಂಜಿನ್ ಓಡುತ್ತಿರುವಾಗ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ರಿಟರ್ನ್ ಆಯಿಲ್ ಬಂದು ಬೀಳುವುದು ಕಾಣಬೇಕು. ನಡುನಡುವೆ ಗಾಳಿ ಬೆರೆತು ತುಂಡುತುಂಡಾಗಿ ಬಂದರೆ ಗಾಬರಿ ಬೇಡ, ರಿಟರ್ನ್ ಪಂಪು ಫೀಡಿಗಿಂತ ಹೆಚ್ಚು ಹೀರುವುದರಿಂದ ಹಾಗಾಗುತ್ತದೆ. ಫೀಡ್ ನೋಡಲು ಟೈಮಿಂಗ್ ಕವರಿನಲ್ಲಿ ಎರಡು ಪಂಪುಗಳ ನಡುವೆ ಇರುವ ಪ್ಲಗ್ಗನ್ನು, ಇಂಜಿನ್ ಸ್ಲೋ ಓಡುವಾಗ, ಸ್ವಲ್ಪ ಮಾತ್ರ ಸಡಿಲಿಸಿ. ಆಯಿಲ್ ಜಿನುಗಬೇಕು. ಹೆಡ್ಡಿಗೆ ಹೋಗುವ ಪೈಪಿನ ಬ್ಯಾಂಜೊ ಬೋಲ್ಟನ್ನೂ (ಒಳಗೆ ಆಯಿಲ್ ಹಾಯುವ ತೂತಿರುವ ಬೋಲ್ಟು) ಹೀಗೇ ಪರೀಕ್ಷಿಸಬಹುದು.

ಆಯಿಲ್ ಬರಲಿಲ್ಲ ಎಂದಾಕ್ಷಣ ಪಂಪನ್ನು ದೂರಬೇಡಿ. ಮೊದಲು ಫೆಲ್ಟ್ ಫಿಲ್ಟರ್ ತೆಗೆದು ನೋಡಿ. ವರ್ಷಗಟ್ಟಲೆ ಬದಲಿಸದೆ ಕಪ್ಪು ಹಿಟ್ಟಿನ ಹಾಗೆ ಆಗಿರುವುದನ್ನೂ, ಅದರ ವಾಷರು, ಸ್ಪ್ರಿಂಗು ಹಿಂದುಮುಂದಾಗಿ ಕೂರಿಸಿರುವುದನ್ನೂ ನಾನು ಕಂಡಿದ್ದೇನೆ. ಒಂದು ಗಾಡಿಯಲ್ಲಿ ಯಾರೋ ಬಳಿದ ಸಿಲಿಕಾನ್ ಸೀಲಂಟು ಹುಳದಂತೆ ಎದ್ದು ಆಯಿಲ್ ದಾರಿಯನ್ನೇ ಮುಚ್ಚಿತ್ತು. ಆ ಮಾಲೀಕರು ಅಷ್ಟರಲ್ಲಿ ಎರಡು ಪಂಪ್ ಸೆಟ್ ಕೊಂಡಿದ್ದರು.

ಬಿಚ್ಚುವಾಗ

ಆಯಿಲ್ ಪೂರ್ತಿ ಇಳಿಸಿ. ಇಳಿಸದೆ ಕವರ್ ತೆಗೆದರೆ ಟ್ಯಾಂಕಿನದೆಲ್ಲ ನೆಲಕ್ಕೆ. ಸೈಲೆನ್ಸರ್ ಪೈಪು, ಫುಟ್‌ರೆಸ್ಟು ಅಡ್ಡ ಬಂದರೆ ತೆಗೆಯಿರಿ. ಕವರಿನ ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಅದದೇ ಜಾಗಕ್ಕೆ ತೂತು ಮಾಡಿ ಸ್ಕ್ರೂ ಸಿಕ್ಕಿಸಿಡಿ.

ಎರಡು ಪಂಪಿನ ಭಾಗಗಳು ಒಂದಕ್ಕೊಂದು ಅಣ್ಣತಮ್ಮಂದಿರಂತೆ ಕಾಣುತ್ತವೆ, ಬೆರೆಸಬೇಡಿ. ಎರಡು ಸಣ್ಣ ಡಬ್ಬಿ ಇಟ್ಟುಕೊಂಡು, ಕವರಿನ ಯಾವ ಕಡೆಯದು ಯಾವ ಡಬ್ಬಿಗೆ ಎಂದು ಮುಚ್ಚಳ ತೆಗೆಯುವ ಮೊದಲೇ ಮಾರ್ಕರಿನಲ್ಲಿ ಬರೆಯಿರಿ. ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೊ ತೆಗೆಯಿರಿ. ಸ್ಪ್ರಿಂಗುಗಳನ್ನೂ ಬೇರೆ ಬೇರೆ ಇಡಿ.

ವರ್ಮ್ ಬಿಚ್ಚಬೇಕಾಗಿ ಬಂದರೆ ನೆನಪಿಡಿ, ಅದು ಉಲ್ಟಾ ಥ್ರೆಡ್ಡು. ಎಲ್ಲರಂತೆ ಎಡಕ್ಕೆ ತಿರುಗಿಸಿದರೆ ಇನ್ನಷ್ಟು ಬಿಗಿಯಾಗುತ್ತದೆ. ಹೀಗೆ ಬಲ ಹಾಕಿ ಕ್ರ್ಯಾಂಕಿನ ತುದಿಯ ಥ್ರೆಡ್ಡನ್ನೇ ಕಳೆದುಕೊಂಡವರಿದ್ದಾರೆ, ಅದಕ್ಕೆ ಕ್ರ್ಯಾಂಕನ್ನೇ ಹೊರತೆಗೆಯಬೇಕು. ವರ್ಮಿನ ಹಲ್ಲು ಚೆನ್ನಾಗಿದ್ದರೆ ಮುಟ್ಟದೆ ಬಿಡುವುದೇ ಒಳ್ಳೆಯದು.

ಯಾವುದು ಸವೆದಿದೆ?

ಸೀಮೆಎಣ್ಣೆಯಲ್ಲಿ ಎಲ್ಲವನ್ನೂ ತೊಳೆದು ಒರೆಸಿ, ಬೆಳಕಿರುವ ಕಿಟಕಿಯ ಹತ್ತಿರ ಕೂರಿ. ಬೇಕಾದ್ದು ಒಂದು ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ), ಒಂದು ದಪ್ಪ ಗಾಜಿನ ತುಂಡು, ಒಂದು ಮಾರ್ಕರ್.

ಡಿಸ್ಕಿನಿಂದ ಶುರುಮಾಡಿ. ಅದರ ಮುಖದ ಮೇಲೆ ಮಾರ್ಕರಿನಿಂದ ತೆಳ್ಳಗೆ ಬಣ್ಣ ಬಳಿದು, ಒಂದು ಹನಿ ಆಯಿಲ್ ಹಾಕಿದ ಗಾಜಿನ ಮೇಲೆ ಎರಡು ಮೂರು ಸಲ ಸವರಿ. ಬಣ್ಣ ಎಲ್ಲ ಕಡೆ ಸಮವಾಗಿ ಹೋಗಬೇಕು. ನಡುವೆ ಉಳಿದರೆ ಅಲ್ಲಿ ತಗ್ಗಿದೆ. ಉಗುರು ಎಳೆದಾಗ ಸಿಕ್ಕಿಕೊಳ್ಳುವ ಗೀರು ತೂತಿನಿಂದ ಅಂಚಿನವರೆಗೆ ಹೋಗಿದ್ದರೆ ಆಯಿಲ್ ಸೋರುವುದು ಅಲ್ಲಿಂದಲೇ. ದುಂಡಗೆ ಸುತ್ತುವ ನವಿರಾದ ಗೆರೆಗಳು ಅಷ್ಟು ತೊಂದರೆ ಕೊಡುವುದಿಲ್ಲ.

ಪ್ಲಂಜರಿಗೆ ಆಯಿಲ್ ಸವರಿ ಡಿಸ್ಕಿನ ಬೋರಿಗೆ ಹಾಕಿ, ಆಯಿಲ್ ಹೋಗುವ ತೂತನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಪ್ಲಂಜರನ್ನು ಎಳೆಯಿರಿ. ಬೆರಳು ಹೀರಿದಂತಾಗಬೇಕು, ಬಿಟ್ಟರೆ ಪ್ಲಂಜರು ಹಿಂದಕ್ಕೆ ಜಿಗಿಯಬೇಕು. ಸಲೀಸಾಗಿ ಜಾರಿ ಬಂದರೆ ಬೋರೋ ಪ್ಲಂಜರೋ ಸವೆದಿದೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ, ಅಂಗಡಿಯ ಕೌಂಟರಿನ ಮೇಲೂ ಮಾಡಬಹುದು.

ಸ್ಪಿಂಡಲಿನ ಗೂಟ ಒಂದು ಕಡೆ ಚಪ್ಪಟೆಯಾಗಿದೆಯೇ, ಪ್ಲಂಜರಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿದೆಯೇ ನೋಡಿ. ಇವೆರಡೂ ಸವೆದಷ್ಟು ಪ್ಲಂಜರಿನ ಓಟ ಕಡಿಮೆಯಾಗುತ್ತದೆ. ಸ್ಪಿಂಡಲಿನ ನಡುವಿನ ಹಲ್ಲು ಚಾಕುವಿನ ಅಲಗಿನಂತೆ ತೆಳ್ಳಗಾಗಿದ್ದರೆ ಇನ್ನು ತಡಮಾಡಬಾರದು. ಅದು ಮುರಿದರೆ ಎರಡೂ ಪಂಪು ಒಟ್ಟಿಗೆ ನಿಲ್ಲುತ್ತವೆ, ಯಾವ ದೀಪವೂ ಉರಿದು ಎಚ್ಚರಿಸುವುದಿಲ್ಲ.

ಕೊನೆಗೆ ಕವರು. ಇದನ್ನು ಯಾರೂ ನೋಡುವುದಿಲ್ಲ. ಡಿಸ್ಕು ಕೂರುವ ಜಾಗದಲ್ಲಿ ಆಳವಾದ ಗೀರಿದ್ದರೆ, ಇಲ್ಲವೇ ಸ್ಪಿಂಡಲ್ ಆಡುವ ತೂತು ಸಡಿಲವಾಗಿದ್ದರೆ, ಎಷ್ಟು ಒಳ್ಳೆಯ ಪಂಪು ತಂದರೂ ವ್ಯರ್ಥ. ಕವರಿನ ಒಳಬದಿಯಲ್ಲಿ, ಕ್ರ್ಯಾಂಕಿನ ತುದಿಗೆ ಆಯಿಲ್ ದಾಟುವ ಕಡೆ, ಒಂದು ಕಾರ್ಕ್ ವಾಷರ್ ಇರುತ್ತದೆ. ಅದು ಒಣಗಿ ಕುಗ್ಗಿದ್ದರೆ ಪಂಪು ತಳ್ಳಿದ ಆಯಿಲ್ ಬಿಗ್ ಎಂಡಿಗೆ ಹೋಗದೆ ಟೈಮಿಂಗ್ ಕೋಣೆಗೇ ಸೋರಿಬಿಡುತ್ತದೆ. ಕವರ್ ತೆಗೆದಾಗಲೆಲ್ಲ ಇದನ್ನು ಬದಲಿಸಿ. ಬೆಲೆಯಲ್ಲಿ ಇಡೀ ಕೆಲಸದಲ್ಲೇ ಅತಿ ಅಗ್ಗದ ಭಾಗ ಇದು, ಮರೆತರೆ ತೆರಬೇಕಾದ್ದು ಬಿಗ್ ಎಂಡ್.

ಅಂಗಡಿಗೆ ಹೋಗುವ ಮುನ್ನ ಬರೆದುಕೊಳ್ಳಬೇಕಾದ್ದು

ಆರ್‌ಸಿ ಪುಸ್ತಕದ ವರ್ಷವನ್ನು ಮಾತ್ರ ನಂಬಬೇಡಿ. ಐವತ್ತು ವರ್ಷದಲ್ಲಿ ಎಷ್ಟೋ ಗಾಡಿಗಳ ಇಂಜಿನ್, ಕೇಸು, ಕವರು ಬದಲಾಗಿವೆ. 1974ರ ಗಾಡಿಗೆ ತೊಂಬತ್ತರ ದಶಕದ ಕವರು ಹಾಕಿರುವುದು ಸಾಮಾನ್ಯ. ಹಾಗಾಗಿ ವರ್ಷ ಹೇಳಿ ಕೇಳಬೇಡಿ, ಕೈಯಲ್ಲಿರುವ ಭಾಗದ ಅಳತೆ ಹೇಳಿ ಕೇಳಿ.

ಪ್ರತಿ ಪಂಪಿಗೂ ಡಿಸ್ಕಿನ ವ್ಯಾಸ ಮತ್ತು ದಪ್ಪ, ಪ್ಲಂಜರಿನ ವ್ಯಾಸ ಮತ್ತು ಉದ್ದ, ಸ್ಪ್ರಿಂಗ್ ಬಿಟ್ಟಾಗಿನ ಉದ್ದ, ಮುಚ್ಚಳದ ಸ್ಕ್ರೂ ತೂತುಗಳ ಅಂತರ ಬರೆಯಿರಿ. ಪ್ಲಂಜರಿನ ವ್ಯಾಸ ಮುಖ್ಯ, ಏಕೆಂದರೆ ನಂತರದ ವರ್ಷಗಳ ಬುಲೆಟ್ಟಿಗೆ ಹೈ ಕೆಪಾಸಿಟಿ ಪಂಪು ಬಂದಿತು. ಅಂಗಡಿಗಳಲ್ಲಿ ಎರಡೂ ಸಿಗುತ್ತವೆ. ಹಳೆಯ ಕವರಿಗೆ ಹೊಸ ಪಂಪಿನ ಒಂದು ಭಾಗ, ಹಳೆಯದರ ಒಂದು ಭಾಗ ಎಂದು ಬೆರಕೆ ಮಾಡಿದರೆ ಕೆಲಸ ಕೆಡುತ್ತದೆ. ಫೀಡನ್ನು ಮಾತ್ರ ದೊಡ್ಡದು ಮಾಡಿ ರಿಟರ್ನನ್ನು ಹಳೆಯದೇ ಬಿಟ್ಟರಂತೂ ಕ್ರ್ಯಾಂಕ್‌ಕೇಸಿನಲ್ಲಿ ಆಯಿಲ್ ತುಂಬಿ ಹೊಗೆ ಶುರುವಾಗುತ್ತದೆ.

ವರ್ಮ್ ಮತ್ತು ಸ್ಪಿಂಡಲ್ ಜೋಡಿ. ವರ್ಮಿನ ತುದಿಯಿಂದ ನೋಡಿ ಎಷ್ಟು ಸುರುಳಿ ಶುರುವಾಗುತ್ತವೆ ಎಂದು ಎಣಿಸಿ, ಸ್ಪಿಂಡಲಿನ ಹಲ್ಲುಗಳನ್ನೂ ಎಣಿಸಿ. ಎರಡೂ ಲೆಕ್ಕ ಹೊಂದದ ಸ್ಪಿಂಡಲ್ ಹಾಕಿದರೆ ಹಲ್ಲು ಕೆಲವೇ ದಿನದಲ್ಲಿ ತಿಂದುಹೋಗುತ್ತದೆ.

ಸ್ಕ್ರೂಗಳ ವಿಷಯದಲ್ಲಿ ಒಂದು ಮಾತು. ಹಳೆಯ ಬುಲೆಟ್ಟಿನಲ್ಲಿ ಇಂಗ್ಲಿಷ್ ಥ್ರೆಡ್ಡುಗಳಿದ್ದವು, ಬರುಬರುತ್ತಾ ಮೆಟ್ರಿಕ್ ಸೇರಿತು. ವಿಟ್‌ವರ್ತ್ ಥ್ರೆಡ್ಡಿನ ಕೋನ 55 ಡಿಗ್ರಿ, ಮೆಟ್ರಿಕ್ಕಿನದು 60. ಕಣ್ಣಿಗೆ ಒಂದೇ ಥರ ಕಾಣುವ ಸ್ಕ್ರೂ ಎರಡು ಸುತ್ತು ಹೋಗಿ ಬಿಗಿಯಾದರೆ ನಿಲ್ಲಿಸಿ, ಅಲ್ಯೂಮಿನಿಯಂ ಕವರಿನ ಥ್ರೆಡ್ಡು ಉಳಿಯುತ್ತದೆ. ಥ್ರೆಡ್ ಗೇಜು ಒಂದು ಕೊಂಡಿಟ್ಟುಕೊಳ್ಳಿ.

ಹುಡುಕುವ ಜಾಗಗಳು

ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ ಮತ್ತು ಕಲಾಸಿಪಾಳ್ಯದ ಸುತ್ತಲಿನ ಗಲ್ಲಿಗಳು, ಸೆಕೆಂಡ್ ಹ್ಯಾಂಡಿಗೆ ಶಿವಾಜಿನಗರದ ಗುಜರಿ. ಚೆನ್ನೈನ ಪುದುಪೇಟೆ ಬುಲೆಟ್ಟಿನ ತವರೂರಿನ ಗುಜರಿ, ಹಳೆಯ ಟೈಮಿಂಗ್ ಕವರು ಬೇಕೆಂದರೆ ಒಂದು ದಿನ ಅಲ್ಲಿ ಕಳೆಯುವುದು ದಂಡವಲ್ಲ. ದೆಹಲಿಯ ಕರೋಲ್ ಬಾಗ್ ಬುಲೆಟ್ ಸಾಮಾನಿಗೆ ದೇಶಕ್ಕೇ ಹೆಸರು, ಅಲ್ಲಿಂದ ಪಾರ್ಸೆಲ್ ತರಿಸಬಹುದು. ಆದರೆ ಪಂಪಿನಂಥದ್ದನ್ನು ಕಣ್ಣಿಂದ ನೋಡದೆ ತರಿಸುವುದಾದರೆ ಮೇಲೆ ಹೇಳಿದ ಅಳತೆಗಳನ್ನು ಕಳಿಸಿ, ವರ್ನಿಯರ್ ಹಿಡಿದ ಫೋಟೊ ಕೇಳಿ. ಕೊಡಲು ಒಪ್ಪದವರಿಂದ ತರಿಸಬೇಡಿ.

ಇಂಗ್ಲೆಂಡಿನ ಸೋಲಿಹಲ್‌ನಲ್ಲಿರುವ ಹಿಚ್‌ಕಾಕ್ಸ್ ಎಂಬ ಅಂಗಡಿ ಹಳೆಯ ಎನ್‌ಫೀಲ್ಡ್ ಸಾಮಾನುಗಳಿಗೆ ಪ್ರಸಿದ್ಧ. ಅವರ ಕ್ಯಾಟಲಾಗಿನ ಚಿತ್ರಗಳಲ್ಲಿ ಪ್ರತಿ ಭಾಗಕ್ಕೂ ನಂಬರಿದೆ. ಅಲ್ಲಿಂದ ತರಿಸದಿದ್ದರೂ ಆ ನಂಬರ್ ಬರೆದುಕೊಂಡರೆ ಇಲ್ಲಿನ ಅಂಗಡಿಯಲ್ಲಿ "ಆ ಗುಂಡಗಿರುವ ಪ್ಲೇಟು" ಎಂದು ಕೈಸನ್ನೆ ಮಾಡುವುದು ತಪ್ಪುತ್ತದೆ. ತರಿಸುವುದಾದರೆ ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ. ಕಾರ್ಕ್ ವಾಷರಿಗಾಗಿ ಅಷ್ಟು ದೂರ ಹೋಗಬೇಕಿಲ್ಲ, ಸ್ಪಿಂಡಲ್ ಮತ್ತು ವರ್ಮ್ ಜೋಡಿಗೆ ಹೋದರೆ ತಪ್ಪಿಲ್ಲ.

ಅಂಗಡಿಗೆ ಹಳೆಯ ಭಾಗಗಳನ್ನು ಆಯಿಲ್ ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ, ಗಾಜಿನ ತುಂಡನ್ನೂ. ಡಿಸ್ಕನ್ನು ಗಾಜಿನ ಮೇಲಿಟ್ಟು ಅಂಚು ಒತ್ತಿ ನೋಡಿ, ಗಡಗಡ ಅಂದರೆ ವಾಪಸ್ ಕೊಡಿ. ಬೆರಳು ಹೀರುವ ಪರೀಕ್ಷೆ ಮಾಡಿ. ನಿಮ್ಮ ಹಳೇ ಸ್ಪಿಂಡಲಿನ ಗೂಟ ಹೊಸ ಪ್ಲಂಜರಿಗೆ ಹೊಕ್ಕುತ್ತದೆಯೇ ನೋಡಿ. ಪೊಟ್ಟಣದ ಮೇಲೆ ಕಂಪನಿಯ ಹೆಸರಿದೆ ಎಂಬುದು ಸಾಕ್ಷಿಯಲ್ಲ, ಲೋಹದ ಕೆಲಸ ಸಾಕ್ಷಿ: ತೂತಿನ ಅಂಚಿನಲ್ಲಿ ಸಿಬರಿರಬಾರದು, ಮುಖದ ಮೇಲೆ ಲೇತಿನ ಒರಟು ಗೆರೆ ಕಾಣಬಾರದು. ನೋಡಲು ಬಿಡದ ಅಂಗಡಿಯಿಂದ ಮುಂದಿನ ಅಂಗಡಿಗೆ ನಡೆಯಿರಿ. ಜೆ.ಸಿ. ರಸ್ತೆಯಲ್ಲಿ ಮುಂದಿನ ಅಂಗಡಿ ಹತ್ತು ಹೆಜ್ಜೆಗಿದೆ.

ಗುಜರಿಯ ಹಳೇ ಪಂಪನ್ನು ಕೀಳಾಗಿ ಕಾಣಬೇಡಿ. ಎಪ್ಪತ್ತರ ದಶಕದ ಡಿಸ್ಕು, ಪ್ಲಂಜರು ಒಟ್ಟಿಗೇ ಸಿಕ್ಕರೆ, ಹೀರುವ ಪರೀಕ್ಷೆಯಲ್ಲಿ ಪಾಸಾದರೆ, ಹೊಸ ಅಗ್ಗದ ಸೆಟ್ಟಿಗಿಂತ ನಾನು ಅದನ್ನೇ ಆರಿಸುತ್ತೇನೆ. ನನ್ನ ಗಾಡಿಯಲ್ಲಿ ಈಗ ಓಡುತ್ತಿರುವುದು ಅಂಥದ್ದೇ.

ಉಜ್ಜಿ ಕೂರಿಸುವುದು

ಹೊಸದಾಗಲಿ ಹಳೆಯದಾಗಲಿ, ಡಿಸ್ಕನ್ನು ನಿಮ್ಮ ಕವರಿಗೇ ಉಜ್ಜಿ ಹೊಂದಿಸಬೇಕು. ಕವರಿನ ಆಯಿಲ್ ತೂತುಗಳಿಗೆ ಗ್ರೀಸ್ ತುಂಬಿ, ಪೇಸ್ಟು ಒಳಹೋಗದಿರಲಿ. ಗೀರು ಆಳವಿದ್ದರೆ ಮಾತ್ರ ವಾಲ್ವ್ ಉಜ್ಜುವ ಅತಿ ನಯವಾದ ಪೇಸ್ಟು, ಇಲ್ಲವಾದರೆ ಹಿತ್ತಾಳೆ ಪಾತ್ರೆ ತಿಕ್ಕುವ ಮೆಟಲ್ ಪಾಲಿಶ್ ಸಾಕು. ಡಿಸ್ಕನ್ನು ಬೆರಳಿನಿಂದ ಹಗುರಾಗಿ ಒತ್ತಿ ಅರ್ಧ ಸುತ್ತು ಅತ್ತ, ಅರ್ಧ ಸುತ್ತು ಇತ್ತ, ಆಗಾಗ ಎತ್ತಿ ಜಾಗ ಬದಲಿಸಿ. ಡ್ರಿಲ್ ಮಷೀನು ಬೇಡವೇ ಬೇಡ. ಎರಡೂ ಮುಖದಲ್ಲಿ ತೂತುಗಳ ಸುತ್ತ ಎಡೆಬಿಡದ ಬೂದು ಬಣ್ಣದ ಪಟ್ಟಿ ಮೂಡಿದರೆ ಕೆಲಸ ಮುಗಿಯಿತು. ಅರ್ಧ ಗಂಟೆ ಹಿಡಿಯಬಹುದು, ಹಳೇ ಕವರಿಗೆ ಇಡೀ ಮಧ್ಯಾಹ್ನವೂ ಹಿಡಿದಿದೆ.

ಆಮೇಲೆ ತೊಳೆಯುವುದರಲ್ಲಿ ಜಿಪುಣತನ ಬೇಡ. ಗ್ರೀಸ್ ಹೊರತೆಗೆದು, ಸೀಮೆಎಣ್ಣೆಯಲ್ಲಿ ಮೂರು ನೀರು ತೊಳೆದಂತೆ ತೊಳೆದು, ಪ್ರತಿ ಆಯಿಲ್ ದಾರಿಗೂ ಕಂಪ್ರೆಸರ್ ಗಾಳಿ ಹಾಯಿಸಿ. ಉಳಿದ ಪೇಸ್ಟು ನೇರ ಬಿಗ್ ಎಂಡಿಗೇ ಹೋಗುತ್ತದೆ.

ಜೋಡಿಸಿ ಟೇಬಲ್ಲಿನ ಮೇಲೇ ಪರೀಕ್ಷಿಸಿ. ಸ್ಪಿಂಡಲ್, ಡಿಸ್ಕು, ಪ್ಲಂಜರು, ಸ್ಪ್ರಿಂಗು, ಮುಚ್ಚಳ ಕೂರಿಸಿ, ಹೀರುವ ತೂತಿಗೆ ಆಯಿಲ್ ಹನಿಸುತ್ತಾ ಸ್ಪಿಂಡಲನ್ನು ಕೈಯಲ್ಲಿ, ಇಂಜಿನ್ ತಿರುಗಿಸುವ ದಿಕ್ಕಿನಲ್ಲೇ ತಿರುಗಿಸಿ. ಇನ್ನೊಂದು ತೂತಿನಿಂದ ಉಕ್ಕಬೇಕು. ಎಲ್ಲೂ ಕಚ್ಚಿಕೊಳ್ಳಬಾರದು. ಮುಚ್ಚಳದ ಪ್ಯಾಕಿಂಗ್ ಹಳೆಯದರಷ್ಟೇ ದಪ್ಪವಿರಲಿ, ದಪ್ಪ ಹೆಚ್ಚಿದರೆ ಸ್ಪ್ರಿಂಗಿನ ಒತ್ತಡ ಇಳಿಯುತ್ತದೆ. ಸೀಲಂಟು ಬೇಕೇಬೇಕೆಂದರೆ ಬೆರಳಿನಿಂದ ಸವರಿ ಒರೆಸಿದಷ್ಟು, ಆಯಿಲ್ ತೂತಿನ ಹತ್ತಿರ ಅದೂ ಬೇಡ.

ಕಾರ್ಕ್ ವಾಷರನ್ನು ಹಿಂದಿನ ರಾತ್ರಿ ಆಯಿಲಿನಲ್ಲಿ ನೆನೆಹಾಕಿ, ಸ್ವಲ್ಪ ಗ್ರೀಸಿನಿಂದ ಜಾಗದಲ್ಲಿ ಅಂಟಿಸಿ. ಕವರ್ ಕೂರಿಸುವಾಗ ವರ್ಮಿಗೆ ಸ್ಪಿಂಡಲ್ ಹಲ್ಲು ಸಿಗುವಂತೆ ಮೆಲ್ಲಗೆ ಆಡಿಸುತ್ತಾ ತಳ್ಳಿ, ಸ್ಕ್ರೂ ಬಿಗಿದು ಎಳೆಯಬೇಡಿ. ಫಿಲ್ಟರ್ ಕೋಣೆಗೆ ಆಯಿಲ್ ತುಂಬಿ ಮುಚ್ಚಿ, ಟ್ಯಾಂಕಿಗೆ 20W-50 ಹಾಕಿ. ಸ್ಪಾರ್ಕ್ ಪ್ಲಗ್ ತೆಗೆದು, ಫೀಡ್ ಪ್ಲಗ್ಗಿನ ಹತ್ತಿರ ಆಯಿಲ್ ಕಾಣುವವರೆಗೆ ಕಿಕ್ ಹೊಡೆಯುತ್ತಲೇ ಇರಿ. ಇಪ್ಪತ್ತು, ಮೂವತ್ತು ಕಿಕ್ಕಾದರೂ ಬೇಕು. ಅದು ಕಂಡ ಮೇಲೆಯೇ ಸ್ಪಾರ್ಕ್ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ, ಟ್ಯಾಂಕಿನ ಮುಚ್ಚಳ ತೆಗೆದು ರಿಟರ್ನ್ ಬೀಳುವುದನ್ನು ನೋಡಿ. ಒಂದೆರಡು ನಿಮಿಷದಲ್ಲಿ ಕಾಣದಿದ್ದರೆ ಇಂಜಿನ್ ಆರಿಸಿ.

ನೂರು ಕಿಲೋಮೀಟರಿಗೆ ಫಿಲ್ಟರ್ ತೆಗೆದು ಲೋಹದ ಹುಡಿ ಇದೆಯೇ ನೋಡಿ. ಐನೂರಕ್ಕೆ ಆಯಿಲ್ ಬದಲಿಸಿ. ಹಳೆಯ ಭಾಗಗಳನ್ನು ಗ್ರೀಸ್ ಬಳಿದು, ಅಳತೆ ಬರೆದ ಚೀಟಿಯೊಡನೆ ಡಬ್ಬಿಯಲ್ಲಿಟ್ಟು, ಡಬ್ಬಿಯ ಮೇಲೆ ಗಾಡಿಯ ನಂಬರ್ ಬರೆಯಿರಿ.